ಫ್ರೇಮಿನ ತುಕ್ಕಿಗೆ ಬರೀ ಬಣ್ಣ ಸಾಕಾ?

ಸೆಕೆಂಡ್ ಹ್ಯಾಂಡ್ ಕಾರಿನ ಫ್ರೇಮ್ (ಅಡಿಯ ಉಕ್ಕಿನ ಚೌಕಟ್ಟು) ಕಂದು ಬಣ್ಣಕ್ಕೆ ತಿರುಗಿದೆ, ಮೇಲೆ ಅಡಿಭಾಗಕ್ಕೆ ಹಚ್ಚುವ ಕಪ್ಪು ಅಂಡರ್‌ಕೋಟಿಂಗ್ ಹೊಡೆಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ನಾನೂ ಒಮ್ಮೆ ಹಾಗೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಎರಡು ವರ್ಷ ಚೆನ್ನಾಗಿತ್ತು. ಒಂದು ದಿನ ಉಗುರಿನಿಂದ ಕೆರೆದರೆ ಅಂಗೈಯಗಲದ ಸಿಪ್ಪೆ ಎದ್ದು ಬಂತು! ಒಳಗೆ ತೇವ, ಪದರ ಪದರವಾಗಿ ತುಕ್ಕು. ರಬ್ಬರಿನಂಥ ಆ ಲೇಪ ನೀರನ್ನು ಒಳಗೇ ಹಿಡಿದಿಟ್ಟಿತ್ತು.

ಮೊದಲು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. (ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ.) ಗಟ್ಟಿ ಲೋಹ ಠಣ್ ಅನ್ನುತ್ತದೆ. ತುಕ್ಕು ತಿಂದಿದ್ದರೆ ಸದ್ದು ಮಂದ, ಚೂರುಗಳು ಉದುರುತ್ತವೆ. ಸ್ಕ್ರೂಡ್ರೈವರ್ ಒಳಗೇ ಹೋಯಿತೋ, ಅಲ್ಲಿಗೆ ಬಣ್ಣದ ಮಾತು ಮುಗಿಯಿತು. ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು. ಪುಟ್ಟಿ ತುಂಬುವುದು ಸುಮ್ನೆ ಕಣ್ಣಿಗೆ ಮಣ್ಣೆರಚುವ ಕೆಲಸ.

ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ವೈರ್ ಬ್ರಷ್‌ನಿಂದ ಉಜ್ಜಿ, ಸಡಿಲವಾದದ್ದೆಲ್ಲ ಹೋಗಲಿ. ಕನ್ನಡಕ, ಮಾಸ್ಕ್ ಇರಲಿ. ಗ್ರೀಸ್ ಒರೆಸಿ, ಚೆನ್ನಾಗಿ ಒಣಗಿಸಿ. ಗುಂಡಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಸ್ಥಿರ ಪದರವಾಗಿ ಬದಲಿಸುವ ದ್ರಾವಣ) ಹಚ್ಚಿ. ಕೆಂಪು ತುಕ್ಕು ಕಪ್ಪಗಾಗುತ್ತದೆ. ಆಮೇಲೆ ಎಪಾಕ್ಸಿ ಪ್ರೈಮರ್ (ಲೋಹಕ್ಕೆ ಗಟ್ಟಿಯಾಗಿ ಅಂಟುವ ಮೊದಲ ಕೋಟ್), ಅದರ ಮೇಲೆ ಚಾಸಿ ಪೇಂಟ್, ಅಂದರೆ ಫ್ರೇಮಿಗೆಂದೇ ಇರುವ ಬಣ್ಣ. ಡಬ್ಬದ ಮೇಲೆ ಬರೆದಷ್ಟು ಹೊತ್ತು ಕಾಯಿರಿ.

ಎಲ್ಲರೂ ಮರೆಯುವುದು ಫ್ರೇಮಿನ ಒಳಮೈ. ಟೊಳ್ಳು ಭಾಗ ಒಳಗಿನಿಂದಲೇ ಕೊಳೆಯುತ್ತದೆ ಅಲ್ವಾ? ಉದ್ದ ನಳಿಕೆಯ ಸ್ಪ್ರೇಯಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನೊಳಗೆ ಹಚ್ಚುವ ಮೇಣ) ಹೊಡೆಯಿರಿ. ನೀರು ಇಳಿಯುವ ತೂತುಗಳನ್ನು ಮಾತ್ರ ಮುಚ್ಚಬೇಡಿ. ಕೆಸರಿನಲ್ಲೋ ಉಪ್ಪು ಗಾಳಿಯಲ್ಲೋ ಜಾಸ್ತಿ ಓಡಾಡಿದರೆ ಆಗಾಗ ಅಡಿಭಾಗ ತೊಳೆಯಿರಿ. ತಟ್ಟಿ ನೋಡಿದಾಗ ಹೇಗಿತ್ತು ಅಂತ ಬರೆಯಿರಿ, ಮುಂದಿನದು ನೋಡೋಣ.