ಪಾಟಾ ಸೇರಿಸುವ ಮೊದಲು

ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ರ್ಯಾಲಿ ಗಾಡಿಯ ಹಿಂದಿನ ಸಸ್ಪೆನ್ಷನ್ ಕುರಿತವು. ಪುಣೆ, ಮುಂಬಯಿ, ಗೋವಾದ ಓದುಗರ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನದು ಹಳೆಯ ಮಾರುತಿ ಜಿಪ್ಸಿ. ಹವ್ಯಾಸಿ ರ್ಯಾಲಿಗೆಂದು ತಯಾರು ಮಾಡುತ್ತಿದ್ದೇನೆ. ಉಬ್ಬು ಹಾರಿ ಇಳಿದಾಗಲೆಲ್ಲ ಹಿಂದುಗಡೆ ‘ದಢ್’ ಎಂದು ಬಡಿಯುತ್ತದೆ. ಭೋಸರಿಯ ಮಿಸ್ತ್ರಿ ಎರಡು ಪಾಟಾ (ಲೀಫ್ ಸ್ಪ್ರಿಂಗ್ ಕಟ್ಟಿನ ಉಕ್ಕಿನ ಪಟ್ಟಿ) ಹೆಚ್ಚಿಗೆ ಹಾಕೋಣ ಅನ್ನುತ್ತಾರೆ. ಹಾಕಿಸಲೇ?
– ಓದುಗರು, ನಿಗಡಿ, ಪುಣೆ

ಉತ್ತರ: ಸದ್ಯಕ್ಕೆ ಬೇಡ. ಆ ‘ದಢ್’, ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಹೌಸಿಂಗ್ ಮೇಲಕ್ಕೆ ಎದ್ದು ಚಾಸಿಗೆ ಹೊಡೆಯುವ ಸದ್ದು. ಮೊದಲು ಗಾಡಿಯ ಕೆಳಗೆ ಮಲಗಿ, ಅಲ್ಲಿ ಬಂಪ್ ಸ್ಟಾಪ್ (ಆ ಹೊಡೆತ ತಡೆಯುವ ರಬ್ಬರಿನ ತುಂಡು) ಉಳಿದಿದೆಯೇ ನೋಡಿ. ಹಳೆಯ ಗಾಡಿಗಳಲ್ಲಿ ಆ ರಬ್ಬರು ಕಲ್ಲಾಗಿರುತ್ತದೆ, ಇಲ್ಲವೇ ಕಳಚಿಬಿದ್ದು ಬರಿಯ ತಗಡಷ್ಟೇ ಉಳಿದಿರುತ್ತದೆ.

ಲೆಕ್ಕ ಸುಲಭ. ಹಿಂದಿನ ಒಂದು ಮೂಲೆಯ ಮೇಲೆ 200 ಕೆ.ಜಿ. ಭಾರವಿದೆ, ಗಾಡಿ 30 ಸೆಂ.ಮೀ. ಎತ್ತರದಿಂದ ಇಳಿಯಿತು ಎಂದುಕೊಳ್ಳಿ. ಬಿದ್ದ ಆ ಭಾರವನ್ನು 15 ಸೆಂ.ಮೀ. ಉದ್ದಕ್ಕೂ ಹಿಡಿದು ನಿಲ್ಲಿಸಿದರೆ, ಮಾಮೂಲಿ ತೂಕದ ಜೊತೆಗೆ ಸರಾಸರಿ 400 ಕೆ.ಜಿ.ಯಷ್ಟು ಒತ್ತಡ ಬೀಳುತ್ತದೆ. ಅದನ್ನೇ ಗಟ್ಟಿ ರಬ್ಬರಿನ ಮೇಲೆ 2 ಸೆಂ.ಮೀ.ನಲ್ಲಿ ನಿಲ್ಲಿಸಿದರೆ 3,000 ಕೆ.ಜಿ. (ಭಾರವನ್ನು ಬಿದ್ದ ಎತ್ತರದಿಂದ ಗುಣಿಸಿ, ನಿಂತ ದೂರದಿಂದ ಭಾಗಿಸಿ, ಅಷ್ಟೆ.) ಈ ಮೂರು ಟನ್ ಹಾದುಹೋಗುವ ದಾರಿಯಲ್ಲಿ ಯಾವುದು ಸೋಲುತ್ತದೋ ಅದು ಮುರಿಯುತ್ತದೆ. ಅದನ್ನು ಗಟ್ಟಿ ಮಾಡಿದರೆ ಮುಂದಿನ ಸಲ ಅದರ ಪಕ್ಕದ್ದು. ಆದ್ದರಿಂದ ಗಾಡಿ ನಿಲ್ಲುವ ದೂರವನ್ನು ಹೆಚ್ಚಿಸುವುದು ಮೊದಲ ಕೆಲಸ, ಲೋಹ ಸೇರಿಸುವುದು ಆಮೇಲೆ.

ಪಾಟಾ ಸೇರಿಸಿದರೆ ಆಗುವುದೇನು? ನಾಲ್ಕು ಪಾಟಾದ ಕಟ್ಟಿಗೆ ಅದೇ ಅಗಲ, ಅದೇ ದಪ್ಪದ ಇನ್ನೆರಡು ಬಿದ್ದರೆ ಬಿಗುವು ಸುಮಾರು ಶೇ. 50 ಏರುತ್ತದೆ. ದಪ್ಪ ಪಾಟಾ ಹಾಕಿದರೆ ಕಥೆಯೇ ಬೇರೆ. ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, 6 ಮಿ.ಮೀ. ಇದ್ದಲ್ಲಿ 7 ಮಿ.ಮೀ. ಅಂದರೆ ಹತ್ತಿರಹತ್ತಿರ ಶೇ. 60. ಹಿಂಭಾಗ ಎದ್ದು ನಿಲ್ಲುತ್ತದೆ, ಚಕ್ರ ಗುಂಡಿಯೊಳಗೆ ಇಳಿಯಲು ಜಾಗ ಉಳಿಯುವುದಿಲ್ಲ. ಅಲೆಅಲೆಯಾದ ಕಚ್ಚಾ ರಸ್ತೆಯಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತದೆ, ತಿರುವಿನಲ್ಲಿ ಬಾಲ ಹೊರಗೆ ಜಾರುತ್ತದೆ. ಬಿಗುವು ಶೇ. 50 ಏರಿದರೆ ಶಾಕಿನ (ಶಾಕ್ ಅಬ್ಸಾರ್ಬರಿನ) ರಿಬೌಂಡ್ ಹಿಡಿತವೂ, ಅಂದರೆ ಸ್ಪ್ರಿಂಗ್ ಮರಳಿ ಚಿಮ್ಮುವುದನ್ನು ತಡೆಯುವ ಶಕ್ತಿಯೂ, ಶೇ. 20–25 ಏರಬೇಕು, ಹಳೆಯ ಶಾಕ್ಸಿನಲ್ಲಿ ಅಷ್ಟು ಜೀವ ಇರುವುದಿಲ್ಲ.

ಮೊದಲು ಬಂಪ್ ಸ್ಟಾಪ್. ಗಟ್ಟಿ ರಬ್ಬರು ಬೇಡ, ಸ್ಪಂಜಿನ ಹಾಗೆ ಕುಗ್ಗುವ ಪಾಲಿಯುರೆಥೇನಿನದು ತನ್ನಿ, 60–70 ಮಿ.ಮೀ. ಉದ್ದದ್ದು. ಚಕ್ರದ ಮೇಲ್ಮುಖ ಓಟದ ಕೊನೆಯ ಮೂರನೆಯ ಒಂದು ಭಾಗದಲ್ಲಿ ಅದು ತಾಗಲು ಶುರುವಾಗಬೇಕು. ಅದು ಕೂರುವ ಜಾಗಕ್ಕೆ 3 ಮಿ.ಮೀ. ಪ್ಲೇಟು ಕೊಡಿ.

ಆಮೇಲೆ ಶಾಕ್ಸ್. ಇಲ್ಲಿ ತಪ್ಪುವವರೇ ಜಾಸ್ತಿ, ಏಕೆಂದರೆ ಯಾರೂ ಅಳೆಯುವುದಿಲ್ಲ. ಕಟ್ಟಿನಲ್ಲಿ ಮುಖ್ಯ ಪಾಟಾ ಒಂದನ್ನೇ ಉಳಿಸಿ ಮಿಕ್ಕವನ್ನು ಬಿಚ್ಚಿಡಿ. ಗಾಡಿಯ ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಬಂಪ್ ಸ್ಟಾಪ್ ಅರ್ಧದಷ್ಟು ಅಮುಕುವ ತನಕ ಹೌಸಿಂಗನ್ನು ಜ್ಯಾಕಿನಿಂದ ಎತ್ತಿ. ಶಾಕಿನ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವಿನ ದೂರ ಬರೆದಿಟ್ಟುಕೊಳ್ಳಿ. ನಂತರ ಇಡೀ ಕಟ್ಟನ್ನು ಜೋಡಿಸಿ, ಚಕ್ರ ಪೂರ್ತಿ ನೇತಾಡಲು ಬಿಟ್ಟು ಮತ್ತೆ ಅಳೆಯಿರಿ. ನೀವು ಕೊಳ್ಳುವ ಶಾಕ್ ಮುಚ್ಚಿದಾಗ ಮೊದಲ ಅಳತೆಗಿಂತ 12–15 ಮಿ.ಮೀ. ಗಿಡ್ಡವಾಗಿರಬೇಕು, ಬಿಚ್ಚಿದಾಗ ಎರಡನೆಯ ಅಳತೆಗಿಂತ ಅಷ್ಟೇ ಉದ್ದ ಇರಬೇಕು. ‘ಲಿಫ್ಟ್ ಮಾಡಿದ ಗಾಡಿಯದು’ ಎಂದು ಯಾರೋ ಕೊಟ್ಟ ಉದ್ದನೆಯ ಶಾಕ್ ಬಂಪ್ ಸ್ಟಾಪಿಗಿಂತ ಮೊದಲೇ ಪೂರ್ತಿ ಮುಚ್ಚಿಕೊಂಡರೆ, ಮೇಲಿನ ಮೂರು ಟನ್ ನೇರವಾಗಿ ಶಾಕಿನ ಪಿನ್ನಿಗೆ ಹೋಗುತ್ತದೆ. ನೇತಾಡುವಾಗ ಶಾಕೇ ಹೌಸಿಂಗನ್ನು ಹಿಡಿದು ನಿಲ್ಲಿಸುತ್ತಿದ್ದರೆ ಎರಡೂ ಬದಿಗೆ 50 ಮಿ.ಮೀ. ನೈಲಾನ್ ಪಟ್ಟಿ ಕಟ್ಟಿ.

ಕಟ್ಟನ್ನು ಹೇಗೂ ಬಿಚ್ಚಿದ್ದೀರಲ್ಲ, ಪ್ರತಿ ಪಾಟಾವನ್ನೂ ತಂತಿ ಬ್ರಶ್ಶಿನಿಂದ ಉಜ್ಜಿ, ನಡುವಿನ ತೂತು ಮತ್ತು ತುದಿಯ ಸುರುಳಿಯ ಕೆಳಗೆ ಡೈ ಪೆನೆಟ್ರೆಂಟ್ (ಕಣ್ಣಿಗೆ ಕಾಣದ ಬಿರುಕು ತೋರಿಸುವ ಬಣ್ಣ) ಹೊಡೆದು ನೋಡಿ. ಕೆಂಪು ಗೆರೆ ಕಂಡರೆ ಆ ಪಾಟಾ ಗುಜರಿಗೆ. ಅದನ್ನು ವೆಲ್ಡ್ ಮಾಡಿಸಬೇಡಿ. ಸ್ಪ್ರಿಂಗ್ ಉಕ್ಕು ಬೆಸುಗೆಯ ಪಕ್ಕದಲ್ಲಿ ಗಾಜಿನಂತೆ ಪೆಡಸಾಗಿ ಅಲ್ಲೇ ಮುರಿಯುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿದ ಪಾಟಾ ಕೂಡ, ಮತ್ತೆ ಎಣ್ಣೆಯಲ್ಲಿ ತಣಿಸಿ ಟೆಂಪರ್ ಮಾಡದಿದ್ದರೆ, ಕೆಲವೇ ದಿನಗಳಲ್ಲಿ ಚಪ್ಪಟೆಯಾಗುತ್ತದೆ. ಎರಡನೆಯ ಪಾಟಾದ ತುದಿ ಮುಖ್ಯ ಪಾಟಾದ ಸುರುಳಿಯನ್ನು ಹೊರಗಿನಿಂದ ಸುತ್ತಿಕೊಂಡಿರುವಂತೆ ಮಾಡಿಸಿದರೆ, ಮುಖ್ಯ ಪಾಟಾ ಮುರಿದರೂ ಹೌಸಿಂಗ್ ತನ್ನ ಜಾಗ ಬಿಟ್ಟು ಓಡುವುದಿಲ್ಲ. ಇದು ಕಾಸಿಗೆ ತಕ್ಕ ಕೆಲಸ.

ಕಟ್ಟನ್ನು ಹೌಸಿಂಗಿಗೆ ಬಿಗಿಯುವ ಯು-ಬೋಲ್ಟ್ ಮತ್ತು ಪಾಟಾಗಳ ನಡುವಿನ ತೂತಿನಲ್ಲಿ ಕೂರುವ ಸೆಂಟರ್ ಬೋಲ್ಟ್ ಪ್ರತಿ ಸಲ ಹೊಸದೇ ಆಗಬೇಕು. ಒಮ್ಮೆ ಬಿಗಿದ ಯು-ಬೋಲ್ಟಿನ ಎಳೆ ಹಿಗ್ಗಿರುತ್ತದೆ. ಕತ್ತರಿ ಕ್ರಮದಲ್ಲಿ ಬಿಗಿದು, ಮ್ಯಾನುವಲ್ ಹೇಳಿದ ಟಾರ್ಕಿಗೆ ಮುಗಿಸಿ, 50 ಕಿ.ಮೀ. ಓಡಿದ ಮೇಲೊಮ್ಮೆ, 200 ಕಿ.ಮೀ. ಓಡಿದ ಮೇಲೊಮ್ಮೆ ಮತ್ತೆ ಬಿಗಿಯಿರಿ. ಪಾಟಾ ನಡುವಿನ ತೂತಿನಲ್ಲೇ ಮುರಿದಿದ್ದರೆ ಬಹುತೇಕ ಅದು ಸಡಿಲ ಯು-ಬೋಲ್ಟಿನ ಕೈವಾಡ. ಶ್ಯಾಕಲ್ (ಪಾಟಾದ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಬುಶ್ಶಿನ ಬೋಲ್ಟುಗಳನ್ನು ಮಾತ್ರ ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತ ಮೇಲೆಯೇ ಬಿಗಿಯಬೇಕು. ಜ್ಯಾಕಿನ ಮೇಲೆ ಬಿಗಿದರೆ ರಬ್ಬರು ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಬಡಿದರೆ ಒಂದೇ ಒಂದು ಪಾಟಾ ಸೇರಿಸಿ, ಅದೂ ಅದೇ ದಪ್ಪದ, ಉದ್ದನೆಯದು. ಗಿಡ್ಡ ಪಾಟಾ ಎಲ್ಲಿ ಮುಗಿಯುತ್ತದೋ ಅಲ್ಲಿ ಮೇಲಿನದಕ್ಕೆ ಏಟು. ಹಿಂಭಾಗ ಎತ್ತರವಾದರೆ ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆಯೇ ನೋಡಿ. ಹೌಸಿಂಗಿಗೂ ಬಾಡಿಗೂ ನಡುವೆ ಸಲಾಕೆಯಿರುವ ಲೋಡ್ ಸೆನ್ಸಿಂಗ್ ವಾಲ್ವ್ ಇದ್ದರೆ, ಎದ್ದು ನಿಂತ ಗಾಡಿಯನ್ನು ಅದು ಖಾಲಿ ಗಾಡಿ ಎಂದು ತಿಳಿದು ಹಿಂದಿನ ಬ್ರೇಕಿನ ಒತ್ತಡ ಇಳಿಸುತ್ತದೆ; ಸಲಾಕೆಯನ್ನು ಮತ್ತೆ ಹೊಂದಿಸಬೇಕು. ಇನ್ನೊಂದು ಮಾತು: ತಾಮ್ಹಿಣಿ ಘಾಟಿಯಲ್ಲಿ ‘ಟೆಸ್ಟ್’ ಮಾಡಬೇಡಿ. ಶಾಕಿನ ದಂಡ ಹೊರಗೆ ಕಾಣುವಂತಿದ್ದರೆ ಅದಕ್ಕೊಂದು ಕೇಬಲ್ ಟೈ ಕಟ್ಟಿ, ಪರಿಚಯದವರ ಖಾಸಗಿ ಜಾಗದಲ್ಲಿ ಓಡಿಸಿ. ಟೈ ಎಷ್ಟು ಸರಿದಿದೆಯೋ ಅಷ್ಟು ಓಟ ಬಳಕೆಯಾಗಿದೆ.

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕಿನ ಡಿಕ್ಕಿಯ ಒಳಹೊದಿಕೆ ತೆಗೆದಾಗ, ಎಡಗಡೆ ಶಾಕಿನ ಮೇಲ್ತುದಿ ಕೂರುವ ತಗಡಿನಲ್ಲಿ 4 ಸೆಂ.ಮೀ. ಬಿರುಕು ಕಾಣಿಸಿತು. ಮುರಕಲ್ಲಿನ ದಾರಿಯಲ್ಲಿ ಓಡಿದ ಗಾಡಿ. ಮೇಲೊಂದು ತುಂಡು ಬೆಸೆದು, ಸ್ಟ್ರಟ್ ಬಾರ್ ಹಾಕಿದರೆ ಸಾಕೇ?
– ಓದುಗರು, ವಾಸ್ಕೊ, ಗೋವಾ

ಉತ್ತರ: ಸ್ಟ್ರಟ್ ಬಾರಿನ ದುಡ್ಡು ಉಳಿಸಿ. ಎರಡು ಮೇಲ್ತುದಿಗಳನ್ನು ಅಡ್ಡಲಾಗಿ ಜೋಡಿಸುವ ಕೊಳವೆ ಅಡ್ಡ ಒತ್ತಡಕ್ಕೆ ಆಗಬಹುದು. ನಿಮ್ಮ ತಗಡು ಸೀಳಿರುವುದು ಕೆಳಗಿನಿಂದ ಮೇಲೆ ಬಂದ ಗುದ್ದಿಗೆ. ಎರಡೂ ಬದಿಯ ಶಾಕ್ ಇಳಿಸಿ ದಂಡದ ಮೇಲಿನ ಬಂಪ್ ಸ್ಟಾಪ್ ನೋಡಿ, ಪುಡಿಯಾಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಬದಲಿಸದೆ ತಗಡು ಬೆಸೆದರೆ ಬಿರುಕು ಬೆಸುಗೆಯ ಅಂಚಿನಿಂದ ಮತ್ತೆ ಶುರುವಾಗುತ್ತದೆ.

ಬೆಸುಗೆಗೆ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ. ಹಿಂದಿನ ಸೀಟಿನ ಕೆಳಗೇ ಟ್ಯಾಂಕ್ ಇರುವ ಗಾಡಿಗಳಲ್ಲಿ ‘ಒದ್ದೆ ಗೋಣಿ ಹೊದಿಸಿದರೆ ಸಾಕು’ ಅನ್ನುವ ಮಾತಿಗೆ ಕಿವಿಗೊಡಬೇಡಿ. ತಗಡಿಗೆ ಅಂಟಿಸಿದ ಡಾಂಬರಿನ ಹಾಳೆಯನ್ನು ಕೆರೆದು ತೆಗೆಯಿರಿ, ಅದು ಹೊತ್ತಿಕೊಳ್ಳುತ್ತದೆ. ಬ್ಯಾಟರಿಯ ಎರಡೂ ತಂತಿ, ಇಸಿಯುವಿನ (ಎಂಜಿನ್ನಿನ ಕಂಪ್ಯೂಟರಿನ) ಪ್ಲಗ್ ಬಿಚ್ಚಿ. ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕಬೇಕು. ಗಾಡಿ ನಾಲ್ಕು ಸ್ಟ್ಯಾಂಡಿನ ಮೇಲೆ ಸಮನಾಗಿ ಕೂತಿರಲಿ. ಬಾಗಿಲುಗಳು, ಡಿಕ್ಕಿ ಸಲೀಸಾಗಿ ಮುಚ್ಚುತ್ತಿದ್ದರೆ ಬಾಡಿ ತಿರುಚಿಲ್ಲ ಎಂದರ್ಥ. ತಿರುಚಿದ ಬಾಡಿಯನ್ನು ಬೆಸೆದರೆ ಅದು ಹಾಗೆಯೇ ಉಳಿಯುತ್ತದೆ.

ಬಿರುಕಿನ ಎರಡೂ ತುದಿಯಲ್ಲಿ 3 ಮಿ.ಮೀ. ತೂತು ಕೊರೆದು ಅದು ಮುಂದೆ ಹರಿಯದಂತೆ ತಡೆಯಿರಿ. ಸುತ್ತ 3 ಸೆಂ.ಮೀ. ಬಣ್ಣ ತೆಗೆದು ಮಿಗ್ ವೆಲ್ಡಿಂಗ್ ಯಂತ್ರದಲ್ಲಿ, 0.8 ಮಿ.ಮೀ. ತಂತಿಯಲ್ಲಿ, ತುಸುತುಸುವಾಗಿ ಮುಚ್ಚಿ. ಅದರ ಮೇಲೆ 2 ಮಿ.ಮೀ. ಸಿಆರ್‌ಸಿಎ (ಕೋಲ್ಡ್ ರೋಲ್ಡ್ ಉಕ್ಕಿನ) ತಗಡಿನ ಹೊದಿಕೆ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಮೂಲ ತಗಡಿನ ಉಬ್ಬುತಗ್ಗುಗಳಿಗೆ ಅಂಟಿ ಕೂರುವಂತೆ ತಗಡನ್ನು ಬಡಿದು ಕೂರಿಸಿ. ನಟ್ಟಿನ ಸುತ್ತ ಒಂದು ಚೌಕ ಕತ್ತರಿಸಿ ಕೂರಿಸಿದರೆ ಪ್ರಯೋಜನವಿಲ್ಲ. ಹೊದಿಕೆಯ ಬೆರಳುಗಳು ಚಕ್ರದ ಕಮಾನಿನ ಮಡಿಕೆಯವರೆಗೆ, ಸಾಧ್ಯವಾದರೆ ನೆಲದ ಉದ್ದಪಟ್ಟಿಯವರೆಗೆ ಚಾಚಬೇಕು, ಆಗಲೇ ಗುದ್ದು ಹಂಚಿಹೋಗುವುದು. ಮೂಲೆಗಳನ್ನು 20 ಮಿ.ಮೀ. ತ್ರಿಜ್ಯದಲ್ಲಿ ಗುಂಡಗೆ ಮಾಡಿ. ಹೊದಿಕೆಯಲ್ಲಿ ಪ್ರತಿ 40 ಮಿ.ಮೀ.ಗೊಂದು 8 ಮಿ.ಮೀ. ತೂತು ಕೊರೆದು ಅದನ್ನು ಬೆಸುಗೆಯಿಂದ ತುಂಬಿಸಿ. ಅಂಚಿನಲ್ಲಿ 20 ಮಿ.ಮೀ. ಬೆಸುಗೆ, 40 ಮಿ.ಮೀ. ಖಾಲಿ, ಮತ್ತೆ 20. ಉದ್ದಕ್ಕೂ ಒಂದೇ ಗೆರೆ ಎಳೆದರೆ ಶಾಖ ತಿಂದ ತೆಳುತಗಡು ಆ ಗೆರೆಯ ಗುಂಟ ಚೀಟಿಯಂತೆ ಹರಿಯಬಹುದು. ಬಲಗಡೆಗೂ ಇದನ್ನೇ ಮಾಡಿ, ಅಲ್ಲಿ ಬಿರುಕು ಇನ್ನೂ ಕಾಣದಿದ್ದರೂ ಸರಿ.

ವಾಸ್ಕೊದ ಉಪ್ಪುಗಾಳಿಯಲ್ಲಿ ಎರಡು ತಗಡುಗಳ ನಡುವೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಬೆಸೆಯುವ ಮೊದಲೇ ನಡುವೆ ಸತುವಿನ ಪ್ರೈಮರ್, ಬೆಸೆದಾದ ಮೇಲೆ ಅಂಚಿಗೆ ಸೀಮ್ ಸೀಲರ್, ಪೊಳ್ಳಿನೊಳಗೆ ಮೇಣ ಹೊಡೆಯಿರಿ.

ನಿಜವಾದ ಬಲ ಬೇಕೆಂದರೆ ರೋಲ್ ಕೇಜಿನ (ಗಾಡಿ ಮಗುಚಿದರೆ ಒಳಗಿನವರನ್ನು ಕಾಯುವ ಕೊಳವೆಗಳ ಪಂಜರದ) ಹಿಂದಿನ ಕಾಲುಗಳನ್ನು ಈ ಮೇಲ್ತುದಿಗಳ ಪಕ್ಕದಲ್ಲೇ ಇಳಿಸಿ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎಯ ಅನುಬಂಧ ‘ಜೆ’, 253ನೇ ವಿಧಿಯ ಪ್ರಕಾರ ಈ ಕಾಲುಗಳ ಕೊಳವೆ ಬೆಸುಗೆಗೆರೆಯಿಲ್ಲದ (ಸೀಮ್‌ಲೆಸ್) ಉಕ್ಕಿನದಾಗಿ 38×2.5 ಅಥವಾ 40×2 ಮಿ.ಮೀ. (ಹೊರವ್ಯಾಸ × ಗೋಡೆಯ ದಪ್ಪ) ಇರಬೇಕು, ಪಾದದ ಕೆಳಗಿನ ಪ್ಲೇಟು ಕನಿಷ್ಠ 3 ಮಿ.ಮೀ. ದಪ್ಪ, 60 ಚದರ ಸೆಂ.ಮೀ. ವಿಸ್ತೀರ್ಣ ಇರಬೇಕು. ಆದರೆ ನಿಮ್ಮ ಕ್ಲಾಸಿನಲ್ಲಿ ಎಷ್ಟು ಬಲವರ್ಧನೆಗೆ ಅವಕಾಶವಿದೆ ಎಂಬುದನ್ನು ಭಾರತದ ಮೋಟಾರು ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐ ನಿಯಮದಲ್ಲಿ ಓದಿದ ಮೇಲೆಯೇ ವೆಲ್ಡರ್ ಮನೆಗೆ ಹೋಗಿ. ಪರಿಶೀಲನೆಯ ದಿನ ಬೆಸುಗೆ ಕೆರೆದು ತೆಗೆಯಲಾಗುವುದಿಲ್ಲ.

ಪ್ರಶ್ನೆ: ನನ್ನ ಫೋಕ್ಸ್‌ವಾಗನ್ ಪೋಲೊದ ಹಿಂದಿನ ಬೀಮ್ (ಎರಡೂ ಹಿಂದಿನ ಚಕ್ರದ ತೋಳುಗಳನ್ನು ಜೋಡಿಸುವ ಅಡ್ಡತೊಲೆ) ಒಳಗೆ 5 ಮಿ.ಮೀ. ಪ್ಲೇಟು ಬೆಸೆದು ಪೆಟ್ಟಿಗೆಯಂತೆ ಮುಚ್ಚಿ, ಬುಶ್ಶುಗಳನ್ನೂ ಗಟ್ಟಿ ಪಾಲಿಯುರೆಥೇನಿಗೆ ಬದಲಿಸಿದರೆ ಹೇಗೆ?
– ಓದುಗರು, ಡೊಂಬಿವಲಿ

ಉತ್ತರ: ಎರಡೂ ಬೇಡ. ಹೆಸರೇ ಹೇಳುವಂತೆ ಟ್ವಿಸ್ಟ್ ಬೀಮ್ ತಿರುಚಬೇಕು. ಅದರ ತೆರೆದ ಬಾಯಿ ಇರುವುದೇ ಅದಕ್ಕೆ. ಮುಚ್ಚಿದ ಪೆಟ್ಟಿಗೆ ತೆರೆದದ್ದಕ್ಕಿಂತ ಎಷ್ಟೋ ಪಟ್ಟು ಕಡಿಮೆ ತಿರುಚುತ್ತದೆ. ಬಾಯಿ ಮುಚ್ಚಿದರೆ ತಿರುವಿನಲ್ಲಿ ಒಳಗಿನ ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ, ಗಾಡಿ ದಿಢೀರನೆ ಬಾಲ ತಿರುಗಿಸುತ್ತದೆ. ತಿರುಚಲಾಗದ ಒತ್ತಡವೆಲ್ಲ ಬೀಮ್ ಮತ್ತು ತೋಳು ಕೂಡುವ ಬೆಸುಗೆಗೆ ಹೋಗಿ ಅಲ್ಲಿ ಸೀಳುತ್ತದೆ. ಗಟ್ಟಿ ಮಾಡಬೇಕಾದದ್ದು ಸ್ಪ್ರಿಂಗ್ ಕೂರುವ ಬಟ್ಟಲು, ಶಾಕಿನ ಕೆಳಗಿನ ಕಿವಿ, ಬಾಡಿಗೆ ಸೇರುವ ಬ್ರ್ಯಾಕೆಟಿನ ಅಂಚು. ಇವಕ್ಕೆ 3 ಮಿ.ಮೀ. ತ್ರಿಕೋನ ಗಸೆಟ್ (ಮೂಲೆಗೆ ಆಸರೆ ಕೊಡುವ ತಗಡು) ಸಾಕು. ಬೀಮಿನ ನಡುಭಾಗಕ್ಕೆ ವೆಲ್ಡಿಂಗ್ ಟಾರ್ಚ್ ಮುಟ್ಟಿಸಬೇಡಿ.

ಬುಶ್ಶಿನ ರಬ್ಬರು ಎಲ್ಲ ದಿಕ್ಕಿಗೂ ಒಂದಿಷ್ಟು ಬಗ್ಗಿದರೆ ಮಾತ್ರ ಬೀಮ್ ಕೆಲಸ ಮಾಡುತ್ತದೆ. ಹೊಸ ಒರಿಜಿನಲ್ ರಬ್ಬರ್ ಬುಶ್ ಹಾಕಿ. ಇನ್ನೂ ಬಿಗಿ ಬೇಕಿದ್ದರೆ ಅದರ ಪೊಳ್ಳುಗಳಿಗೆ 60–70 ಶೋರ್ ‘ಎ’ ಗಡಸಿನ ಎರಕದ ಪಾಲಿಯುರೆಥೇನ್ ಸುರಿದು, ಪೂರ್ತಿ ಗಟ್ಟಿಯಾಗಲು ಬಿಟ್ಟು ಜೋಡಿಸಿ.

ಬೀಮ್ ಬಾಗಿದೆಯೇ ಎಂಬ ಸಂಶಯವಿದ್ದರೆ, ಗಾಡಿಯ ಎರಡೂ ಬದಿಗೆ ನಡುಗೆರೆಗೆ ಸಮಾನಾಂತರವಾಗಿ ದಾರ ಕಟ್ಟಿ, ಹಿಂದಿನ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದಿಂದ ಎಷ್ಟು ದೂರ ಎಂದು ಅಳೆಯಿರಿ. 15 ಇಂಚಿನ ರಿಮ್ಮಿನಲ್ಲಿ 1 ಮಿ.ಮೀ. ವ್ಯತ್ಯಾಸ ಅಂದರೆ ಸುಮಾರು 0.15 ಡಿಗ್ರಿ. ಎಡಬಲಗಳಲ್ಲಿ 3 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಅಲೈನ್‌ಮೆಂಟ್ ಯಂತ್ರದಲ್ಲಿ ಖಚಿತ ಮಾಡಿಕೊಂಡು ಬೀಮನ್ನೇ ಬದಲಿಸಿ. ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವುದಾದರೆ ಅಪಘಾತದ ಗಾಡಿಯ ಬೀಮ್ ಕೈಗೆ ಬರದಂತೆ, ಅಲ್ಲೇ ಸಮತಟ್ಟು ನೆಲದ ಮೇಲಿಟ್ಟು ಚಕ್ರದ ಹಬ್ ಕೂರುವ ಎರಡೂ ಸ್ಟಬ್ ಮುಖಗಳನ್ನು ಮೂಲೆಮಟ್ಟದಿಂದ ನೋಡಿ.

ಪ್ರಶ್ನೆ: ರ್ಯಾಲಿಯ ಎರಡು ಸ್ಟೇಜಿನ (ವೇಗದ ಹಂತದ) ನಡುವೆ ಸಿಗುವುದು ಕೆಲವೇ ನಿಮಿಷ. ಹಿಂದುಗಡೆ ಏನೇನು ನೋಡಬೇಕು?
– ಓದುಗರು, ಕೊಥ್ರೂಡ್, ಪುಣೆ

ಉತ್ತರ: ಗ್ಯಾರೇಜಿನಲ್ಲಿರುವಾಗಲೇ ಎಲ್ಲ ನಟ್ಟಿಗೂ ಬೋಲ್ಟಿಗೂ ಸೇರಿಸಿ ಒಂದು ಹಳದಿ ಗೆರೆ ಎಳೆದಿಡಿ, ಗೆರೆ ಮುರಿದಿದ್ದರೆ ಸಡಿಲಾಗಿದೆ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಡಬಲ ಅಳೆಯಿರಿ. ಬೆಳಗಿನ ಅಳತೆಗಿಂತ ಒಂದು ಬದಿ 10 ಮಿ.ಮೀ. ಕುಸಿದಿದ್ದರೆ ಸ್ಪ್ರಿಂಗ್ ಅಥವಾ ಪಾಟಾ ಹೋಗಿದೆ. ಚಕ್ರವನ್ನು ಎತ್ತಿ ಮೇಲೆಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗ್ ನೋಡಿ. ಬ್ರೇಕ್ ಹೋಸಿಗೆ ಕಲ್ಲೇಟು ಬಿದ್ದಿದೆಯೇ ನೋಡಿ. ಸ್ಟೇಜ್ ಮುಗಿದ ಕೂಡಲೇ ಎರಡೂ ಶಾಕಿನ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ. ಕೆಲಸ ಮಾಡಿದ ಶಾಕ್ ಬಿಸಿಯಾಗಿರುತ್ತದೆ. ಒಂದು ಸುಡುತ್ತಿದ್ದು ಇನ್ನೊಂದು ಉಗುರುಬೆಚ್ಚಗಿದ್ದರೆ, ಎಣ್ಣೆ ಸೋರಿದ ಗುರುತು ಇಲ್ಲದಿದ್ದರೂ, ಆ ಉಗುರುಬೆಚ್ಚಗಿನದನ್ನು ಬಿಚ್ಚಿ ಹೊಸದು ಹಾಕಿ.