ಕ್ಯಾಸೆಟ್ ವೀಣೆ ಫೋನಿಗೆ ಬಂದಾಗ

ಪ್ರಶ್ನೆ: ಮೈಸೂರು ಬಾನಿಯ ವೀಣೆ ಕ್ಯಾಸೆಟ್‌ಗಳನ್ನು ಎಂಪಿ3 ಮಾಡಿ ಫೋನಿಗೆ ಹಾಕಿಕೊಂಡೆ. ಅನುಕೂಲವೇನೋ ಆಯಿತು, ಆದರೆ ನಾದ ಮಂಕು, ಮೀಟು ಒಡೆಯುತ್ತದೆ. ಎಂಪಿ3 ಕಾರಣವೇ?
– ಓದುಗರು, ಮಂಡ್ಯ

ಉತ್ತರ: ಎಂಪಿ3ಯನ್ನು ದೂರುವ ಮೊದಲು ಟೇಪ್ ಹೆಡ್ (ಪ್ಲೇಯರಿನಲ್ಲಿ ಟೇಪಿಗೆ ತಾಗಿ ನಾದ ಓದುವ ಭಾಗ) ನೋಡಿ. ಕಂದು ಪುಡಿ ಕೂತಿದ್ದರೆ ನಾದ ಮಂಕೇ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಕಡ್ಡಿ ಬೆಳ್ಳಗೇ ಉಳಿಯುವವರೆಗೆ ಒರೆಸಿ, ಒಣಗಲು ಬಿಡಿ. ಮೀಟು ಒಡೆಯುವುದು ಬಹುಶಃ ಪ್ಲೇಯರಿನ ವೈರನ್ನು ಕಂಪ್ಯೂಟರಿನ ಮೈಕ್ ತೂತಿಗೆ ಚುಚ್ಚಿದ್ದರಿಂದ. ಲೈನ್ ಇನ್‌ಗೆ (ಪ್ಲೇಯರಿನಂಥ ಸಾಧನಗಳಿಗೆಂದೇ ಇರುವ ತೂತಿಗೆ) ಹಾಕಿ, ಗಟ್ಟಿ ಮೀಟೂ ರೆಕಾರ್ಡಿಂಗ್ ಮೀಟರಿನಲ್ಲಿ −6 ಡೆಸಿಬಲ್ ದಾಟದಂತೆ ಮಟ್ಟ ಇಳಿಸಿ. ಒಮ್ಮೆ ಒಡೆದ ಧ್ವನಿ ಮತ್ತೆ ಸರಿಹೋಗದು, ಹಾಗಾಗಿ ಹೊಸದಾಗಿಯೇ ರೆಕಾರ್ಡ್ ಮಾಡಬೇಕು. ಮೂಲ ಪ್ರತಿ 44.1 ಕಿಲೋಹರ್ಟ್ಸ್, 16 ಬಿಟ್ ವೇವ್ (ಕುಗ್ಗಿಸದ ಧ್ವನಿ ಕಡತ) ಇರಲಿ: 60 ನಿಮಿಷಕ್ಕೆ ಸುಮಾರು 600 ಎಂಬಿ. ಅದನ್ನು ಫ್ಲ್ಯಾಕ್ ಎಂಬ ಕುಗ್ಗಿಸಿದ ರೂಪಕ್ಕೆ ತಂದರೆ ಏನೂ ಕಳೆಯದೆ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಫೋನಿಗೆ ಅದರಿಂದ 320 ಕೆಬಿಪಿಎಸ್ ಎಂಪಿ3 ತೆಗೆಯಿರಿ, ಕ್ಯಾಸೆಟ್ ನಾದಕ್ಕೆ ಧಾರಾಳವಾಯಿತು.