ರಿಟರ್ನ್ ಲೈನ್ ಹಾಕಿಸಿ, ಆದರೆ ಎನ್‌ಆರ್‌ವಿ (ನಾನ್-ರಿಟರ್ನ್ ವಾಲ್ವ್) ಇಲ್ಲದೆ ಬೇಡ

ಗ್ಯಾಸ್ ಗೀಸರ್ ಕೆಳಗಿನ ಯುಟಿಲಿಟಿಯಲ್ಲಿ, ಬಾತ್‌ರೂಮ್ ಮೊದಲ ಮಹಡಿಯಲ್ಲಿ. ಬಿಸಿನೀರು ಬರುವಷ್ಟರಲ್ಲಿ ಅರ್ಧ ಬಕೆಟ್ ತಣ್ಣೀರು ಹೋಗುತ್ತದೆ, ಪೈಪಿನಲ್ಲಿ ನಿಂತ ನೀರನ್ನು ವಾಪಸ್ ಗೀಸರಿಗೆ ತರುವ ರಿಟರ್ನ್ ಲೈನ್ ಎಳೆಸಿ ದಿನವಿಡೀ ಪಂಪ್ ಓಡಿಸಲಾ ಅಂತ ಕೇಳಿದ್ದೀರಿ. ಬೆಂಗಳೂರಿನ ಬನಶಂಕರಿಯ ನಮ್ಮ ಮನೆಯಲ್ಲೂ ಥೇಟ್ ಇದೇ ಪಾಡು. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್) ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. 20 ಮೀಟರ್ ಪೈಪ್ ಅಂದರೆ 5 ಲೀಟರ್. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿ ನೀರು ತರಿಸಿಕೊಳ್ಳುವ ಊರು ನಮ್ಮದು. 2024ರ ಬೇಸಿಗೆಯ ನೀರಿನ ಬರ ನೋಡಿದ ಮೇಲೆ ಅದನ್ನು ಮೋರಿಗೆ ಬಿಡುವುದಕ್ಕೆ ನನಗೆ ಮನಸ್ಸೇ ಬರಲಿಲ್ಲ.

ಪ್ಲಂಬರ್ ಕರೆಸಿ, ಬಾತ್‌ರೂಮಿನ ಬಿಸಿನೀರಿನ ಪೈಪಿನ ತುದಿಯಿಂದ ಅರ್ಧ ಇಂಚಿನ ಪೈಪ್ ವಾಪಸ್ ಕೆಳಗಿಳಿಸಿ, ಪಂಪ್ ಕೂರಿಸಿ, ಗೀಸರಿಗೆ ತಣ್ಣೀರು ಬರುವ ಲೈನಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಸೇರಿಸಿದೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಎನ್‌ಆರ್‌ವಿ ಹಾಕಿಸಲಿಲ್ಲ. ಪಂಪ್ ಇದೆಯಲ್ಲ, ನೀರು ಅದು ತಳ್ಳಿದ ಕಡೆಗೇ ಹೋಗುತ್ತದೆ ಅಂದುಕೊಂಡೆ. ಆದರೆ ನಿಂತ ಪಂಪ್ ನೀರನ್ನು ತಡೆಯುವುದಿಲ್ಲ.

ಶವರ್ ಬಿಟ್ಟರೆ ಉಗುರುಬೆಚ್ಚಗಿನ ನೀರು. ಸ್ವಲ್ಪ ಹೊತ್ತಿಗೆ ಅದೂ ತಣ್ಣಗೆ. ಗೀಸರೇ ಕೆಟ್ಟಿದೆ ಅಂತ ಸೆನ್ಸರ್ ಬದಲಾಯಿಸಿದೆ, ಒಳಗಿನ ಸುಣ್ಣ ತೆಗೆಸಿದೆ. ದುಡ್ಡು ಹೋಯಿತೇ ಹೊರತು ನೀರು ಬಿಸಿಯಾಗಲಿಲ್ಲ. ಕೊನೆಗೆ ಮಗಳಿಗೆ ಮೇಲೆ ಶವರ್ ಬಿಡಲು ಹೇಳಿ, ಕೆಳಗೆ ರಿಟರ್ನ್ ಪೈಪ್ ಮುಟ್ಟಿ ನೋಡಿದೆ. ಪಂಪ್ ಆಫ್ ಇದೆ, ಆದರೂ ಪೈಪ್ ತಣ್ಣಗೆ ಕೊರೆಯುತ್ತಿದೆ, ಒಳಗೆ ನೀರು ಓಡುವ ಅದುರು ಕೈಗೇ ಗೊತ್ತಾಗುತ್ತಿದೆ.

ಟ್ಯಾಂಕಿನಿಂದ ಇಳಿದ ನೀರಿಗೆ ಆ ಟೀ ಹತ್ತಿರ ಎರಡು ದಾರಿ. ಒಂದು, ಗೀಸರಿನ ಒಳಗಿನ ಸಣ್ಣ ಕೊಳವೆ. ಇನ್ನೊಂದು, ಅಡ್ಡಿಯೇ ಇಲ್ಲದ ರಿಟರ್ನ್ ಪೈಪ್. ಹೆಚ್ಚಿನ ನೀರು ಸುಲಭದ ದಾರಿ ಹಿಡಿದು, ತಣ್ಣಗೆ ಉಲ್ಟಾ ಹರಿದು, ಸೀದಾ ಶವರಿಗೆ ಹೋಗಿ ಬಿಸಿನೀರಿಗೆ ಬೆರೆಯುತ್ತಿತ್ತು. ಗೀಸರಿನೊಳಗೆ ಹರಿಯುವ ನೀರು ಕಮ್ಮಿಯಾಗಿ ಉರಿಯೂ ಆರುತ್ತಿತ್ತು. ಪಂಪಿಗೂ ಟೀಗೂ ನಡುವೆ, ಬಾಣದ ಗುರುತು ಗೀಸರ್ ಕಡೆಗೆ ಇರುವಂತೆ ಒಂದು ಎನ್‌ಆರ್‌ವಿ ಹಾಕಿಸಿದ ಮೇಲೆ ಎಲ್ಲ ಸರಿಹೋಯಿತು.

ದಿನವಿಡೀ ಪಂಪ್ ಓಡಿಸುವ ಯೋಚನೆ ಮಾತ್ರ ಬಿಟ್ಟುಬಿಡಿ. ಪೈಪಿನಲ್ಲಿ ನೀರು ಆರುತ್ತಲೇ ಇರುತ್ತದೆ, ಗೀಸರ್ ಸುಮ್ನೆ ಹೊತ್ತಿ ಹೊತ್ತಿ ಆರುತ್ತದೆ, ಗ್ಯಾಸ್ ದಂಡ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಸುಣ್ಣ ಕಟ್ಟುವುದೂ ಜಾಸ್ತಿ. ಬಾತ್‌ರೂಮ್ ಹೊರಗೆ ಒಂದು ಸ್ವಿಚ್ ಸಾಕು. ಸ್ನಾನಕ್ಕೆ ಮೊದಲು ಒತ್ತಿ, ಪೈಪ್ ಬಿಸಿಯಾದ ಕೂಡಲೇ ಪಂಪ್ ತಾನಾಗಿ ನಿಲ್ಲುವಂತೆ ಥರ್ಮೋಸ್ಟಾಟ್ ಹಾಕಿಸಿ. ಪಂಪ್ ಸ್ಟೀಲ್ ಅಥವಾ ಕಂಚಿನದ್ದಿರಲಿ, ಬೀಡುಕಬ್ಬಿಣದ್ದು ತುಕ್ಕು ಹಿಡಿಯುತ್ತದೆ. ಗೀಸರ್ ಹೊತ್ತಿಕೊಳ್ಳುವಷ್ಟು ನೀರನ್ನು ಅದು ತಳ್ಳಬೇಕು. ಎಷ್ಟು ಅಂತ ಗೀಸರಿನ ಪುಸ್ತಕದಲ್ಲಿ ಇರುತ್ತದೆ.

ನಿಮ್ಮದು ಡಿಗ್ರಿ ಸೆಟ್ ಮಾಡಲು ಬಾರದ ಸಾದಾ ಗೀಸರ್ ಆದರೆ ಈ ಕೆಲಸಕ್ಕೇ ಕೈ ಹಾಕಬೇಡಿ. ಅದರ ಉರಿ ತಾನಾಗಿ ತಗ್ಗುವುದಿಲ್ಲ, ಬಿಸಿನೀರೇ ಮತ್ತೆ ಮತ್ತೆ ಒಳಗೆ ಬಂದರೆ ವಿಪರೀತ ಕಾಯುತ್ತದೆ. ಹಾಗಂತ ಗ್ಯಾಸ್ ಗೀಸರನ್ನು ಬಾತ್‌ರೂಮಿನೊಳಗೆ ಎತ್ತಿ ಹಾಕುವುದೂ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೆ ವಾಸನೆಯೂ ಬರುವುದಿಲ್ಲ, ಜೀವಕ್ಕೇ ಅಪಾಯ. ಸಾದಾ ಗೀಸರ್ ಇರುವ ಮನೆಯಲ್ಲಿ ಮೇಲಿನ ಬಾತ್‌ರೂಮಿಗೆ ಬೇರೆ ಕರೆಂಟ್ ಗೀಸರ್ ಹಾಕಿಸುವುದೇ ಸರಿ.